ಹಳದಿ ಗಂಬೂಟು

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಅವಳ ಚಪ್ಪಲಿ ಕಾಣಲಿಲ್ಲ. ದುಃಖಕ್ಕೆ ಬಂದವರಲ್ಲಿ ಯಾರೋ ಮೆಟ್ಟಿಕೊಂಡು ಹೋಗಿದ್ದರು. ಬಾಗಿಲಲ್ಲಿ ಉಳಿದಿದ್ದದ್ದು ಅವನ ಹಳದಿ ಗಂಬೂಟು ಮಾತ್ರ.

ಅದೂ ಅವನದಲ್ಲ. ಅವಳ ಅರ್ಜಿ ಕೊಡಲು ಯೂನಿವರ್ಸಿಟಿಗೆ ಹೋದವನು ಮಳೆಯಲ್ಲಿ ಅದನ್ನು ಹಾಕಿಕೊಂಡು ಬಂದಿದ್ದ. "ಯಾರೋ ಪುಣ್ಯಾತ್ಮ ಕೊಟ್ಟ ಕಣೇ, ನಾಳೆ ವಾಪಸ್ ಕೊಡ್ತೀನಿ" ಎಂದಿದ್ದ. ದಿನಾ ಹಾಗೇ ಅನ್ನುತ್ತಿದ್ದ.

"ಮೊದಲ್ನೇ ದಿನಾನೇ ಬರಿಗಾಲಲ್ಲಿ ಹೋಗ್ತೀಯೇನೇ? ಹಾಕ್ಕೋ, ನಿನ್ನ ಕಾಲು ಯಾರು ನೋಡ್ತಾರೆ?" ಎಂದಳು ಪಕ್ಕದ ಮನೆಯಾಕೆ. ಹಾಕಿಕೊಂಡಳು.

ಆ ದಿನ ಅವಳು ಸೇರಬೇಕಾದದ್ದು ಯೂನಿವರ್ಸಿಟಿಯಲ್ಲಿ ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡುವ ಲ್ಯಾಬಿಗೆ. ಸಂದರ್ಶನದ ದಿನವೇ ಪ್ರೊಫೆಸರ್ ಮೇಡಂ ಎಚ್ಚರಿಸಿದ್ದರು: "ನೋಡೋರು ಗೋಡೆ ಥರ ಇರ್ಬೇಕಮ್ಮ. ಪ್ರಾಣಿಗಳು ನಿನ್ನ ಗುರುತು ಹಿಡಿದ ದಿನ ಸೀಟು ಹೋಯ್ತು ಅಂತ್ಲೇ ತಿಳ್ಕೋ." ಬೆಳಿಗ್ಗೆ ಏಳಲು ಅವಳಿಗೆ ಉಳಿದಿದ್ದ ಕಾರಣ ಆ ಸೀಟು ಒಂದೇ.

ಯೂನಿವರ್ಸಿಟಿಯ ಕೊಳದ ಪಕ್ಕ ಹಾಯುವಾಗ ಹಿಂದೆ ಏನೋ ಸದ್ದಾಯಿತು. ತಿರುಗಿದರೆ ಎಳೆಯ ಬಾತುಕೋಳಿಗಳ ಸಾಲು. ಅವಳು ನಿಂತರೆ ಅವೂ ನಿಂತವು. ಓಡಿದಳು, ಬೂಟು ಡಬಡಬ ಬಡಿಯಿತು, ಬಾತುಗಳು ಬಸ್ಸು ತಪ್ಪಿಸಿಕೊಂಡವರ ಹಾಗೆ ಕೂಗುತ್ತ ಓಡಿಬಂದವು.

"ಅಮ್ಮಾ, ಸಂಸಾರ ಸಮೇತ ಒಳಗೆ ಬಿಡೋ ಹಾಗಿಲ್ಲ," ಎಂದ ವಾಚ್‌ಮನ್.

"ನನ್ನವಲ್ಲ ಇವು!"

"ಅವಕ್ಕೆ ಹೇಳಿ."

ಸುತ್ತ ನಿಂತ ಹುಡುಗರು ನಕ್ಕರು. ಅವಳಿಗೂ ನಗು ಬಂದುಬಿಟ್ಟಿತು. ಅವನು ಹೋದ ಮೇಲಿನ ಮೊದಲ ನಗು. ಕದ್ದು ತಿಂದು ಸಿಕ್ಕಿಬಿದ್ದವಳ ಹಾಗೆ ಬಾಯಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದಳು. ಬಾತುಗಳೂ ಹತ್ತಿದವು. ಮೇಡಂ ಕೋಣೆಯವರೆಗೂ ಬಂದು, ಒಂದು ಅವರ ರತ್ನಗಂಬಳಿಯ ಮೇಲೆ ಹಿಕ್ಕೆ ಹಾಕಿತು.

"ಅಯ್ಯೋ, ಇವುಗಳ ಅಮ್ಮ ಸಿಕ್ಕಿದ್ಲು!" ಎಂದು ಕೂಗಿದ, ಅವುಗಳ ಹಿಂದೆಯೇ ಓಡಿಬಂದ, ಲ್ಯಾಬಿನ ಬಾತು ಸಾಕುವ ಮುದುಕ.

"ಯಾರು, ಈ ಹುಡುಗೀನಾ?"

"ಅಲ್ಲ ಮೇಡಂ, ಬೂಟು! ಮೊಟ್ಟೆಯಿಂದ ಹೊರಬಂದಾಗ ಇವು ಮೊದಲು ನೋಡಿದ್ದು ನನ್ನ ಕಾಲಲ್ಲಿ ಓಡಾಡ್ತಿದ್ದ ಈ ಬೂಟನ್ನೇ ಅಲ್ವಾ? ಮೊದಲು ಕಂಡದ್ದನ್ನೇ ಅಮ್ಮ ಅಂದ್ಕೊಳ್ತವೆ."

"ಕಳ್ಳತನ ಆಯ್ತು ಅಂದಿದ್ಯಲ್ಲಯ್ಯ!"

ಮುದುಕ ತಲೆ ಕೆರೆದುಕೊಂಡ. "ಅರ್ಜಿ ಕೊಡೋಕೆ ಬಂದೋರೊಬ್ಬರ ಚಪ್ಪಲಿ ಮಳೇಲಿ ಕಿತ್ತೋಗಿತ್ತು. ಒಂದು ರಾತ್ರಿಗೆ ಅಂತ ಕೊಟ್ಟೆ. ಆಸಾಮಿ ಪತ್ತೇನೇ ಇಲ್ಲ."

ಅವಳು ಬೂಟಿನತ್ತ ನೋಡಿದಳು. "ನಮ್ಮ ಮನೆಯವರು. ಕೊಡ್ಬೇಕು ಅಂತ್ಲೇ ಇದ್ರು. ಈಗ... ಅವರಿಲ್ಲ."

ಬಾತುಗಳು ಬೂಟಿನ ಸುತ್ತ ಕೂಗುತ್ತಲೇ ಇದ್ದವು.

ಅವಳು ಬೂಟು ಕಳಚಿ, ಸೆರಗಿನಿಂದ ಕೆಸರು ಒರೆಸಿ, ಮುದುಕನ ಮುಂದಿಟ್ಟಳು.

"ಹೆದರ್ಕೋಬೇಡ," ಎಂದರು ಮೇಡಂ, ದನಿ ತಗ್ಗಿಸಿ. "ಇವು ಗುರುತು ಹಿಡಿದದ್ದು ಬೂಟನ್ನ, ನಿನ್ನನ್ನಲ್ಲ. ಸೀಟು ಎಲ್ಲೂ ಹೋಗಲ್ಲ."

ಅವಳು ಲ್ಯಾಬಿಗೆ ಹೊರಟು ಬರಿಗಾಲಲ್ಲಿ ಬಾಗಿಲಿನತ್ತ ನಡೆದಳು.

ಎಲ್ಲಕ್ಕಿಂತ ಮುಂದಿದ್ದ ಬಾತು ಬೂಟಿನೊಳಗೆ ಕತ್ತು ತೂರಿಸಿ ಕರೆಯಿತು. ಸ್ವಲ್ಪ ಹೊತ್ತು ಕಾಯಿತು. ಬೂಟು ಅಲ್ಲಾಡಲಿಲ್ಲ. ಆಮೇಲೆ ಅದು ತಿರುಗಿ, ಹೋಗುತ್ತಿದ್ದ ಬರಿಗಾಲುಗಳ ಹಿಂದೆ ಓಡಿತು. ಉಳಿದವೂ ಸಾಲು ಕಟ್ಟಿದವು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡೋ ಕೆಲ್ಸ ಹೋಯ್ತು ಕಣಮ್ಮ," ಎಂದ ಮುದುಕ, ಬೂಟು ಎತ್ತಿಕೊಳ್ಳುತ್ತ. "ಅಮ್ಮನ ಕೆಲ್ಸ ಖಾಲಿ ಇದೆ."