ಕರಾಚಿಯಿಂದ ಲಂಡನ್ನಿಗೆ ನಲವತ್ತು ತಾಸು

ದೂರ ಅಳೆಯುವ ವಿಷಯದಲ್ಲಿ ನನಗೆ ಬಹಳ ಸೊಕ್ಕಿತ್ತು, ಒಪ್ಪಿಕೊಳ್ಳುತ್ತೇನೆ. ಜಮಖಂಡಿ ಸಂಸ್ಥಾನದ ಸಾಲೆಯಲ್ಲಿ ಭೂಗೋಳ ಕಲಿಸುವ ಮಾಸ್ತರ ನಾನು. ಮುಧೋಳದ ಆಚೆ ಕಾಲಿಟ್ಟವನಲ್ಲ. ಆದರೂ ಯಾವ ಪಟ್ಟಣದಿಂದ ಯಾವ ಪಟ್ಟಣಕ್ಕೆ ಎಷ್ಟು ಮೈಲಿ ಎಂದು ಯಾರೇ ಕೇಳಲಿ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ತಯಾರು. ಈ ಸೊಕ್ಕಿನಿಂದ ನನ್ನ ಲಗ್ನವೇ ಮುರಿಯುವುದರಲ್ಲಿತ್ತು.

ಒಂದು ಸೋಮವಾರ ಹೆಣ್ಣು ನೋಡಲು ರಬಕವಿಗೆ ಹೋಗಿದ್ದೆ. ನೂಲಿನ ವ್ಯಾಪಾರಿಗಳ ಮನೆ. ಪಡಸಾಲೆಯ ತುಂಬ ಹತ್ತಿಯ ಎಳೆ, ಧೂಳು. ಕುಳಿತ ಕೂಡಲೇ ನನಗೆ ಸೀನು ಹತ್ತಿತು. ಉಪ್ಪಿಟ್ಟು ತಿಂದದ್ದಕ್ಕಿಂತ ಸೀನಿದ್ದೇ ಹೆಚ್ಚು. ಕಾರಣ ಆಮೇಲೆ ತಿಳಿಯಿತು. ಹುಡುಗಿಯ ಅಣ್ಣ ಈರಪ್ಪ ಬಟ್ಟೆಗೆ ಬಣ್ಣ ಹಾಕುವ ವಿದ್ಯೆ ಕಲಿಯಲು ವಿಲಾಯತಿಗೆ ಹೊರಟಿದ್ದ. ಹಡಗು ತಪ್ಪಿದ್ದರಿಂದ ಅವತ್ತು ಬೆಳಿಗ್ಗೆ ಕರಾಚಿಯಲ್ಲಿ ವಿಮಾನ ಹತ್ತಿದ್ದ. ಹೊರಟವರು ಊರು ಮುಟ್ಟುವ ತನಕ ಮನೆಯ ಕಸ ಗುಡಿಸಬಾರದು, ತಲೆಗೆ ಎರೆದುಕೊಳ್ಳಬಾರದು ಎಂಬುದು ಅವನ ತಾಯಿಯ ನೇಮ. ಅವನು ಮನೆ ಬಿಟ್ಟು ಆಗಲೇ ಆರು ದಿನವಾಗಿತ್ತು.

“ಮಾಸ್ತರ, ವಿಮಾನ ಎಂದ ಮುಟ್ಟತೈತ್ರಿ?” ಎಂದು ಆ ತಾಯಿ ಕೇಳಿದಾಗ ನನಗೆ ಹಬ್ಬವೇ ಆಯಿತು. ಗೋಡೆಯ ಮೇಲಿನ ಭೂಪಟದತ್ತ ನೂಲಿನ ಎಳೆ ಹಿಡಿದು ನಡೆದೆ. ಲಂಡನ್ನಿನ ತುದಿ ನನ್ನ ಕೈಯಲ್ಲಿ. ಕರಾಚಿಯ ತುದಿ ಹಿಡಿಯಲು ಹುಡುಗಿ ಶಾಂತವ್ವನನ್ನೇ ಕರೆದೆ. ಆಕೆಯ ಬಳೆ ಅರಬ್ಬಿ ಸಮುದ್ರಕ್ಕೆ ತಾಗಿ ಸಣ್ಣಗೆ ಸದ್ದು ಮಾಡಿತು. ಅದು ನೆನಪಾದರೆ ಈ ವಯಸ್ಸಿನಲ್ಲೂ ಮನಸ್ಸು ಹಿಗ್ಗುತ್ತದೆ. “ನಾಲ್ಕು ಸಾವಿರ ಮೈಲಿ, ತಾಸಿಗೆ ನೂರು. ನಲವತ್ತು ತಾಸು ಸಾಕ್ರಿ. ಬುಧವಾರ ಮುಂಜಾನೆ ಧಾರಾಳ ಕಸಾ ಹೊಡೀರಿ” ಎಂದೆ.

ಬುಧವಾರ ಈರಪ್ಪನ ತಾಯಿ ಮನೆಯೆಲ್ಲ ಗುಡಿಸಿ, ತಲೆಗೆ ಎರೆದುಕೊಂಡು ಕೂದಲು ಆರಿಸುತ್ತಿದ್ದಾಗ ತಾರು ಬಂತಂತೆ: ‘ಬಾಗ್ದಾದ್ ಮುಟ್ಟಿದೆ. ಸುಖ.’ ಕತ್ತಲಾದರೆ ವಿಮಾನವೂ ನಮ್ಮ ಚಕ್ಕಡಿಯ ಹಾಗೆ ನಿಲ್ಲುತ್ತದೆ, ಒಳಗಿದ್ದವರು ಇಳಿದು ಉಂಡು ಮಲಗುತ್ತಾರೆ ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ರಬಕವಿಯಿಂದ ಮಾತು ಬಂತು: “ಮಗ ನಡುದಾರ್ಯಾಗ ಇದ್ದಾಗ ಕಸಾ ಹೊಡಿಸಿದ್ರಿ. ಅವನ ಕೈಬರಹದ ಕಾಗದ ಬರೂತನಾ ಲಗ್ನದ ಮಾತ ಬ್ಯಾಡ್ರಿ.”

ಆ ವಾರಗಳು ನನ್ನ ವೈರಿಗೂ ಬೇಡ. ಈರಪ್ಪನ ಕ್ಷೇಮಕ್ಕಾಗಿ ಅವನ ತಾಯಿಯನ್ನು ಬಿಟ್ಟರೆ ಅಷ್ಟು ದೇವರಿಗೆ ಹರಕೆ ಹೊತ್ತವನು ನಾನೇ. ಮುಖವನ್ನೇ ಕಾಣದ ಮನುಷ್ಯನಿಗೆ ನೆಗಡಿಯೂ ಆಗಬಾರದೆಂದು ಬೇಡಿಕೊಂಡೆ. ಕಡೆಗೊಮ್ಮೆ ಕಾಗದ ಬಂತು. ಲಗ್ನವೂ ಆಯಿತು.

ಮರುವರ್ಷ ಒಂದು ಸಂಜೆ ಮೆಂತ್ಯದ ಸೊಪ್ಪು ಸೋಸುತ್ತ ಶಾಂತವ್ವ ಅಂದಳು: “ವಿಮಾನ ದಿನಾ ಸಂಜಿಗೆ ಇಳೀತೈತಿ ಅಂತ ಅಣ್ಣ ಹೋಗೂ ಮುಂದ ನನಗ ಹೇಳಿದ್ದನ್ರಿ.”

“ಮತ್ತ ಅವತ್ತ ಯಾಕ ಹೇಳಲಿಲ್ಲ?”

“ನನ್ನ ಯಾರ ಕೇಳಿದ್ರಿ? ನೂಲಿನ ತುದಿ ಹಿಡಿ ಅಂದ್ರಿ, ಹಿಡದೆ.”

ಅಂದಿನಿಂದ, ಇಲ್ಲೇ ಹತ್ತಿರದ ಬೀಳಗಿ ಎಷ್ಟು ದೂರ ಎಂದು ಯಾರಾದರೂ ಕೇಳಿದರೂ ನಾನು ಮೊದಲು ಅಡಿಗೆಮನೆಯ ಕಡೆ ನೋಡುತ್ತೇನೆ.