ಒಂಬತ್ತನೆಯ ವೊವಿಯನ್ನು ‘ಉಳಿಸಲಾಗಿದೆ’ ಎಂದ ಆಪರೇಟಿಂಗ್ ಸಿಸ್ಟಂಗೆ

ಮಾನ್ಯರೇ,

ನನ್ನ ಲ್ಯಾಪ್‌ಟಾಪಿನ ಡಿಸ್ಕು, ಪರದೆ, ಕೀಲಿಮಣೆಗಳನ್ನೆಲ್ಲ ಆಳುತ್ತಿರುವ ತಮ್ಮ ಸನ್ನಿಧಾನಕ್ಕೆ ಅಲೆವೂರಿನ ದೀಕ್ಷಿತಾ ಮಾಡುವ ವಂದನೆಗಳು. ನಾಲ್ಕು ಜನರೆದುರು ಬಾಯಿ ತೆರೆಯಲು ಹೆದರುವವಳು ತಮ್ಮಂಥ ದೊಡ್ಡವರಿಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ.

ಶಂಕರಪುರದ ಬರ್ತಾಬಾಯಿಯವರಿಗೆ ಎಂಬತ್ತಮೂರು. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ವೊವಿಯೊ ಎಂಬ ಕೊಂಕಣಿ ಹಾಡುಗಳನ್ನು ಹಾಡಿಸುವವರು ಅವರು; ಅವು ಪೂರ್ತಿ ಬರುವುದು ಈಗ ಅವರೊಬ್ಬರಿಗೇ. ರೋಸ್ ಇಲ್ಲದೆ ಅವನ್ನು ಹಾಡುವ ಕ್ರಮ ಅವರಲ್ಲಿಲ್ಲ. ಆದರೂ ಮೊಮ್ಮಗಳು ಲವಿಟಾಳ ಗೆಳತಿಯೆಂದು, ನನಗಾಗಿ ಒಂದೇ ಒಂದು ಸಲ, ಮೆಲುದನಿಯಲ್ಲಿ ಹದಿನಾಲ್ಕು ವೊವಿಯನ್ನೂ ಹಾಡಿದರು. ಫೋನಿಗೆ ಅನುಮತಿ ಇರಲಿಲ್ಲ. "ಅದರಲ್ಲಿ ಹಿಡಿದರೆ ನಾಳೆ ಬೆಳಿಗ್ಗೆ ಕುವೈತಿನಲ್ಲಿ ಕೇಳ್ತದೆ" ಎಂದರು. ನಾನು ಟೈಪು ಮಾಡಿಕೊಂಡೆ. ಉಳಿಸಲು ಹೋದಾಗ ‘ಬರೆಯಲಾಗಲಿಲ್ಲ’ ಎಂಬ ಸಂದೇಶ ಮಿಂಚಿ ಮಾಯವಾಯಿತು. ಮತ್ತೊಮ್ಮೆ ಒತ್ತಿದೆ; ತಾವು ‘ಉಳಿಸಲಾಗಿದೆ’ ಎಂದಿರಿ. ಫೈಲು ತೆರೆದೆ, ಎಲ್ಲವೂ ಇದ್ದವು.

"ಬರೆದಾಯ್ತಾ ಮಗಾ?"

"ಆಯ್ತು ಬಾಯಿ."

"ಹಾಗಾದ್ರೆ ಇನ್ನು ನಾನು ಮರೆತರೂ ತೊಂದರೆ ಇಲ್ಲ."

ಮರುದಿನ ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚಿದಾಗ ಎಂಟನೆಯ ವೊವಿಯ ನಂತರ ಏನೂ ಇರಲಿಲ್ಲ.

ಕಡಿಯಾಳಿಯ ರಿಪೇರಿ ಅಂಗಡಿಯ ನೆವಿಲ್ ವಿವರಿಸಿದ ಮೇಲೆ ತಮ್ಮ ಆಡಳಿತದ ಬಗ್ಗೆ ನನ್ನ ಗೌರವ ಇಮ್ಮಡಿಸಿತು. ತಾವು ಬರಹವನ್ನು ಪುಟಪುಟವಾಗಿ ಮೊದಲು ಮೆಮೊರಿಯಲ್ಲಿಟ್ಟುಕೊಂಡು, ಆಮೇಲೆ ಡಿಸ್ಕಿಗೆ ಕಳಿಸುತ್ತೀರಂತೆ. ಡಿಸ್ಕು ಒಂದು ಪುಟವನ್ನು ಒಲ್ಲೆನೆಂದರೆ ಕೇಳಿದವರಿಗೆ ಒಂದು ಸಲ ಹೇಳಿ, ಕರ್ತವ್ಯ ಮುಗಿಯಿತೆಂದು ಆ ಪುಟಕ್ಕೆ ‘ಬರೆದಾಗಿದೆ’ ಎಂಬ ಮುದ್ರೆ ಒತ್ತುತ್ತೀರಂತೆ. ಎರಡನೆಯ ಸಲ ಕೇಳಿದರೆ ಮುದ್ರೆ ನೋಡಿ ಎಲ್ಲ ಸರಿಯೆನ್ನುತ್ತೀರಿ. ತೆರೆದು ನೋಡಿದರೆ ಮೆಮೊರಿಯ ಪ್ರತಿಯನ್ನೇ ತೋರಿಸಿ ನಂಬಿಸುತ್ತೀರಿ. ನಿಜ ಸಂಗತಿಯನ್ನು ಯಾರೂ ಓದದ ಲಾಗ್ ಫೈಲಿನಲ್ಲಿ ಪ್ರಾಮಾಣಿಕವಾಗಿ ಬರೆದಿಡುತ್ತೀರಿ. ಅರ್ಜಿ ಕಳೆದುಹೋದ ದಿನವೇ ಅದನ್ನು ವಿಲೇವಾರಿಯಾಗಿದೆಯೆಂದು ಘೋಷಿಸುವ ಈ ಜಾಣ್ಮೆ ಕಲಿಯಲು ಮನುಷ್ಯ ಗುಮಾಸ್ತನಿಗೆ ಮೂವತ್ತು ವರ್ಷದ ಸರ್ವೀಸು ಬೇಕು. ತಾವು ಹುಟ್ಟಿನಿಂದಲೇ ಪಡೆದು ಬಂದಿದ್ದೀರಿ.

ತಮ್ಮ ಸಹವಾಸದಿಂದ ನಾನೂ ಕಲಿತೆ. ಬರ್ತಾಬಾಯಿಗೆ ಕೂಡಲೇ ಹೇಳಬೇಕಿತ್ತು; ನಾಚಿಕೆಯಿಂದ ಹೇಳಲಿಲ್ಲ. ಎರಡು ತಿಂಗಳು ಅವರು ಕೇಳಿದಾಗಲೆಲ್ಲ "ಉಂಟು ಬಾಯಿ" ಎಂದೆ.

ಈಸ್ಟರ್ ಕಳೆದು ಲವಿಟಾಳ ರೋಸ್ ಬಂತು. ಎಂಟು ವೊವಿಯೊ ಮುಗಿದವು. ಒಂಬತ್ತನೆಯದರಲ್ಲಿ ಬರ್ತಾಬಾಯಿ ಸಾಲು ನೆನಪಾಗದೆ ನಿಂತರು. ತೆಂಗಿನ ಹಾಲಿನಲ್ಲಿ ತೊಯ್ದು ಕುಳಿತ ಮದುಮಗಳು, ಅರುವತ್ತು ಹೆಂಗಸರು, ಎಲ್ಲರೂ ಕಾದರು. ಅವರು ನನ್ನ ಕಡೆ ತಿರುಗಿ, "ನಿನ್ನ ಹತ್ತಿರ ಉಂಟಲ್ಲ, ಹೇಳು" ಎಂದರು.

ನಾನು ಎದ್ದು ನಿಂತು "ಇಲ್ಲ ಬಾಯಿ, ಅವತ್ತೇ ಹೋಗಿತ್ತು" ಎಂದೆ. ಉಳಿದ ಶಾಸ್ತ್ರ ಹಾಡಿಲ್ಲದೆ ಮುಗಿಯಿತು.

ಆದ್ದರಿಂದ ಅರಿಕೆಯೇನೆಂದರೆ, ಮುಂದಿನ ರೋಸಿಗೆ ತಾವೇ ದಯಮಾಡಿಸಿ, ಅದೇ ಅರುವತ್ತು ಹೆಂಗಸರೆದುರು ನಿಂತು, ‘ಅವತ್ತೇ ಹೋಗಿತ್ತು’ ಎಂಬ ಮಾತನ್ನು ತಮ್ಮ ಬಾಯಿಂದಲೇ ಹೇಳಬೇಕು. ಬಾಯಿ ಇಲ್ಲವೆಂಬ ನೆಪ ಬೇಡ. ‘ಉಳಿಸಲಾಗಿದೆ’ ಎನ್ನಲು ಇತ್ತಲ್ಲ.

ತಾವು ಆಯಿತೆಂದುದನ್ನೆಲ್ಲ ಈಗ ಕಾಗದದಲ್ಲೂ ಬರೆದಿಡುವ,
ತಮ್ಮ ವಿಶ್ವಾಸಿ,
ದೀಕ್ಷಿತಾ

ತಾ.ಕ.: ಮದುವೆಯ ಮರುದಿನ ತೆಂಗಿನಕಾಯಿ ತುರಿಯುತ್ತಿದ್ದಾಗ ಒಂಬತ್ತನೆಯದರ ಎರಡು ಸಾಲು ಬರ್ತಾಬಾಯಿಗೆ ನೆನಪಾದವು. ನನ್ನನ್ನು ಕರೆದು ಬರೆಸಿದರು. ಬಳಿಕ "ಉಳಿದದ್ದು ನನಗೆ ಬರುವುದಿಲ್ಲ" ಎಂದರು. ಈ ಕೊನೆಯ ವಾಕ್ಯವನ್ನು ಕಲಿಯುವ ಮನಸ್ಸಿದ್ದರೆ ಬನ್ನಿ. ಕಟಪಾಡಿಯಿಂದ ಶಂಕರಪುರಕ್ಕೆ ಬಸ್ಸು ಉಂಟು.