ಸಾವಿರದ ಇಪ್ಪತ್ತನೆಯ ರೊಟ್ಟಿ

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ದಿನವಿಡೀ ಬೀಜ ಎಣಿಸಿ ಸಂಬಳ ತರುವ ಮೈಲೇಶನಿಗೆ ಒಂದೇ ಕೊರಗು: ಬ್ಯಾಡಗಿಯ ಅವನ ಮನೆಯಲ್ಲಿ ಅವನ ಗಣಿತಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. (ಹತ್ತನೆಯ ಇಯತ್ತೆಯ ಗಣಿತವನ್ನು ಅವನು ಮೂರು ಸಲ ಬರೆದಿದ್ದ, ಪ್ರೀತಿಯಿಂದ ಎಂಬುದು ಅವನ ವಾದ.)

ಆ ಭಾನುವಾರ ಅವಕಾಶ ತಾನಾಗಿಯೇ ಪಡಸಾಲೆಗೆ ಬಂತು. ಹಾವೇರಿಗೆ ಕೊಟ್ಟ ತಂಗಿ ಮೀನಾಕ್ಷಿಯ ಕುಬಸ, ಅಂದರೆ ಸೀಮಂತ. ಐವತ್ತೊಂದು ಮನೆಗೆ, ಮನೆಗಿಪ್ಪತ್ತರಂತೆ ಕಡಕ್ ರೊಟ್ಟಿ ತರಬೇಕೆಂದು ಅವಳ ಅತ್ತೆ ಸುಶೀಲವ್ವ ಹೇಳಿ ಕಳಿಸಿದ್ದಳು. ಕಟ್ಟು ಕಟ್ಟುತ್ತ ಬಂದರೆ ಕೊನೆಯ ಕಟ್ಟಿಗೆ ಹತ್ತೊಂಬತ್ತೇ!

"ನಿನ್ನೆ ಎಣಿಸಿದಾಕಿ ನೀನ," ಅವ್ವ ಬಸವಣ್ಣೆವ್ವ ಸೊಸೆಯ ಮೇಲೆ ಹರಿಹಾಯ್ದಳು. "ಬೀಗತಿ ಮುಂದ ನನ್ನ ಮಾನ ತಗದಿ."

"ಎರಡ ಸಲ ಎಣಿಸೇನ್ರಿ ಅತ್ತಿ," ಎಂದ ದೀಪಿಕಾಳ ಕಣ್ಣು ತುಂಬಿತು.

ಹೆಂಡತಿಯ ಕಣ್ಣೀರು ಕಂಡು ಮೈಲೇಶನೊಳಗಿನ ಗಣಿತಜ್ಞ ತೋಳೇರಿಸಿದ. ಎಲ್ಲ ರೊಟ್ಟಿಯನ್ನೂ ತಾನೇ ಎಣಿಸಿದ: ಸಾವಿರದ ಹತ್ತೊಂಬತ್ತು. ರದ್ದಿ ಕಾಗದದ ಮೇಲೆ ಎರಡರಿಂದ ಮೂವತ್ತೊಂದರವರೆಗೆ ಭಾಗಿಸಿದ. ಪ್ರತಿ ಸಲವೂ ಶೇಷ!

"ಅವ್ವಾ, ಇದು ಅವಿಭಾಜ್ಯ ಸಂಖ್ಯೆ! ಒಂದು ಮತ್ತ ತಾನು ಬಿಟ್ರ ಯಾರಿಗೂ ಬಗ್ಗದ ಹಟಮಾರಿ!"

"ನಿನ್ನಂಗ," ಎಂದಳು ಅವ್ವ.

"ಸಾವಿರದ ಇಪ್ಪತ್ತು ನೋಡು, ಇಪ್ಪತ್ನಾಲ್ಕು ಭಾಜಕ! ತನ್ನ ಬಿಟ್ಟು ಉಳಿದವನ್ನ ಕೂಡಿಸಿದ್ರ ತನಗಿಂತ ದೊಡ್ಡದು, ಎರಡ ಸಾವಿರದ ನಾಕು. ಅದಕ್ಕ ಸಮೃದ್ಧ ಸಂಖ್ಯೆ ಅಂತಾರ. ಒಂದ ಕಡಿಮಿ ಆತು, ಸಮೃದ್ಧಿ ಹೋಗಿ ನ್ಯೂನ ಸಂಖ್ಯೆ!"

"ತಪ್ಪ ಯಾರದ ಹೇಳಲೇ, ಪುರಾಣ ಬಿಟ್ಟು."

"ನಿನ್ನೆ ದೀಪಾ ಇಪ್ಪತ್ತಿಪ್ಪತ್ತರ ಸಾಲು ಹಚ್ಚಿದ್ಲು. ಎಲ್ಲಾ ಸಾಲೂ ಸಮಾ ಇದ್ದದ್ದು ನೀನೂ ನೋಡಿದಿ. ಅವಿಭಾಜ್ಯ ಸಂಖ್ಯೆ ಸತ್ತರೂ ಹಂಗ ಸಮಾ ಕುಂದ್ರೂದಿಲ್ಲ. ಅಂದ್ರ ದೀಪಾನ ಲೆಕ್ಕ ಖರೇ. ಇವತ್ತ ಮುಂಜಾನೆ ಈ ಮನಿಯಾಗ ಯಾರೋ ಒಂದ ರೊಟ್ಟಿ ತಿಂದಾರ!"

ಅವ್ವ ಸೊಸೆಯ ಬೆನ್ನು ಸವರಿ, "ತಪ್ಪಾತವಾ ತಂಗಿ" ಎಂದಳು. ಮೂರು ಸಲದ ಪರೀಕ್ಷೆಗೂ ಸಿಗದಿದ್ದ ಜಯ! ಮೈಲೇಶ ಮೀಸೆಯ ಮೇಲೆ ಕೈಯಿಟ್ಟ.

ದೀಪಿಕಾ ಕಣ್ಣೊರೆಸಿಕೊಂಡು ಆ ಮೀಸೆಯನ್ನೇ ನೋಡಿದಳು. "ಆ ಯಾರೋ ಅನ್ನಾವರ ಮೀಸಿಗೆ ಇನ್ನೂ ಶೇಂಗಾ ಚಟ್ನಿ ಹತ್ತೇತಲ್ರಿ!"

(ಮುಂಜಾನೆ ಚಹಾದ ಮೊದಲು "ಸಾವಿರದಾಗ ಒಂದು ಯಾವ ಲೆಕ್ಕ" ಎಂದುಕೊಂಡದ್ದು ಆಗ ಅವನಿಗೆ ನೆನಪಾಯಿತು.)

ಅವ್ವ ಜೋಳದ ಹಿಟ್ಟಿನ ಬುಟ್ಟಿ ಅವನ ಮುಂದೆ ದೂಡಿದಳು. "ಕುಂದ್ರು. ನೀನ ಬಡಿ."

ಅರ್ಧ ತಾಸಿನ ಹೋರಾಟದ ಬಳಿಕ ಹಾವೇರಿ ಜಿಲ್ಲೆಯ ನಕಾಶೆಯಂಥ ಒಂದು ರೊಟ್ಟಿ ಹುಟ್ಟಿತು. ಸಂಖ್ಯೆ ಮತ್ತೆ ಸಮೃದ್ಧವಾಯಿತು.

ಹಾವೇರಿಯಲ್ಲಿ ಸುಶೀಲವ್ವ ಎಣಿಸಲೇ ಇಲ್ಲ. ಮೇಲಿದ್ದ ನಕಾಶೆಯನ್ನು ಎತ್ತಿ, ತಿರುಗಿಸಿ ನೋಡಿ, "ಇದನ್ನ ಯಾರ ಬಡದ್ರಿ?" ಎಂದಳು.

"ನಮ್ಮವರ್ರಿ," ಎಂದಳು ದೀಪಿಕಾ, ಎದೆಯುಬ್ಬಿಸಿ.

"ಹಂಗಾರ ಇದನ್ನ ಮಂದಿಗೆ ಹಂಚೂದು ಬ್ಯಾಡ," ಎನ್ನುತ್ತ ಸುಶೀಲವ್ವ ಅದನ್ನು ಮೈಲೇಶನ ತಾಟಿಗೇ ಹಾಕಿದಳು.

ಬುಟ್ಟಿಯಲ್ಲಿ ಮತ್ತೆ ಸಾವಿರದ ಹತ್ತೊಂಬತ್ತು ಉಳಿಯಿತು. ಅದಕ್ಕಿಂತ ದೊಡ್ಡ ಅವಿಭಾಜ್ಯ ತಾಟಿನಲ್ಲಿತ್ತು. ಎಷ್ಟು ಕಚ್ಚಿದರೂ ಎರಡಾಗಲಿಲ್ಲ.